ಬೆಲೊ ಹೊರಿಜೊಂಟೆ: ನಕ್ಷೆ ಓದುವ ಬಗೆ

ಬ್ರೆಜಿಲ್‌ನ ಯೋಜಿತ ನಗರ ಎಂದೊಡನೆ ದೇಶದ ಈಗಿನ ರಾಜಧಾನಿ ಬ್ರೆಸೀಲಿಯದ ಹೆಸರು ಹೇಳಿ ಮುಂದೆ ಹೋಗುವವರೇ ಹೆಚ್ಚು. ಅದಕ್ಕೂ ಆರು ದಶಕ ಮೊದಲೇ, 1897ರ ಡಿಸೆಂಬರ್ 12ರಂದು, ಮಿನಾಸ್ ಜೆರೈಸ್ ರಾಜ್ಯದ ಹೊಸ ರಾಜಧಾನಿ ಬೆಲೊ ಹೊರಿಜೊಂಟೆ ಉದ್ಘಾಟನೆಯಾಗಿತ್ತು. ಹಳೆಯ ರಾಜಧಾನಿ ಓರು ಪ್ರೆತೊ ಗಣಿಗಾರಿಕೆಯ ಗುಡ್ಡದೂರು, ಬೆಳೆಯಲು ಜಾಗವಿರಲಿಲ್ಲ. ಹೊಸದಕ್ಕಾಗಿ ಕುರ್ರಾಲ್ ದೆಲ್ ರೇ ಎಂಬ ಹಳ್ಳಿಯನ್ನು ನೆಲಸಮ ಮಾಡಿದರು.

ಎಂಜಿನಿಯರ್ ಆರಾಂವ್ ರೈಸ್ ಅವರ ನಕ್ಷೆಯಲ್ಲಿ ಎರಡು ಜಾಲಗಳಿವೆ; ಬಹುತೇಕರು ಎಡವುವುದು ಇಲ್ಲೇ. ಮೊದಲನೆಯದು 120 ಮೀಟರ್ ಚೌಕದ ಬ್ಲಾಕ್‌ಗಳ ನಡುವಿನ 20 ಮೀಟರ್ ಅಗಲದ ರಸ್ತೆಗಳದು. ಅದರ ಮೇಲೆ 45 ಡಿಗ್ರಿ ಓರೆಯಾಗಿ 35 ಮೀಟರ್ ಅಗಲದ ಅವೆನ್ಯೂಗಳು, ಅಂದರೆ ಹೆದ್ದಾರಿಯಂಥ ಅಗಲ ಬೀದಿಗಳು, ಹಾಯುತ್ತವೆ. ಅಫೊನ್ಸೊ ಪೆನಾ ಅವೆನ್ಯೂ ಒಂದೇ 50 ಮೀಟರ್ ಅಗಲ. ಎರಡೂ ಜಾಲಗಳನ್ನು ಸುತ್ತುವರಿಯುವುದು ಕೊಂತೊರ್ನು ಅವೆನ್ಯೂ.

ಓರೆ ಗೆರೆಯ ಬೆಲೆ ಏನೆಂದು ನಗರಕೇಂದ್ರದ ಕೂಡುವೃತ್ತವಾದ ಪ್ರಾಸಾ ಸೆತೆಯಲ್ಲಿ ಕಾಣಿಸುತ್ತದೆ. ಅಫೊನ್ಸೊ ಪೆನಾ ಮತ್ತು ಅಮಜೋನಸ್ ಅವೆನ್ಯೂಗಳು ಕೂಡುವ ಬಿಂದುವಿಗೇ ರಿಯೊ ದೆ ಜನೈರೊ, ಕರಿಜೋಸ್ ರಸ್ತೆಗಳೂ ಬಂದು ಸೇರುತ್ತವೆ. ಒಟ್ಟು ಎಂಟು ಬಾಯಿ. ನಡುವೆ ಉಳಿಯುವುದು ಮೂಲೆ ಚೂಪಾದ ನಿವೇಶನಗಳು. ಇಷ್ಟು ದಿಕ್ಕಿನ ವಾಹನಗಳನ್ನು ಒಂದೇ ಸಿಗ್ನಲ್‌ನಲ್ಲಿ ಸಂಭಾಳಿಸುವುದು ಕಷ್ಟ. ಕೊನೆಗೆ ಆ ಎರಡು ರಸ್ತೆಗಳ ತುದಿಗಳನ್ನು ಪಾದಚಾರಿಗಳಿಗೆ ಬಿಟ್ಟರು. ದಾರಿ ಗುರುತಿಸಲು ಒಂದು ಸುಳಿವು: ಕೇಂದ್ರಭಾಗದಲ್ಲಿ ಒಂದು ದಿಕ್ಕಿನ ರಸ್ತೆಗಳಿಗೆ ಹೆಚ್ಚಾಗಿ ರಾಜ್ಯಗಳ ಹೆಸರು, ಅಡ್ಡ ದಿಕ್ಕಿನವಕ್ಕೆ ಮೂಲನಿವಾಸಿ ಬುಡಕಟ್ಟುಗಳ ಹೆಸರು.

ನಕ್ಷೆಯ ದೊಡ್ಡ ದೋಷ ನೀರಿನದು. ನೆಲ ಇಳಿಜಾರು, ತೊರೆಗಳು ಹಲವು. ಚೌಕಗಳು ಮಾತ್ರ ಸಪಾಟು ಕಾಗದದ ಲೆಕ್ಕದವು. ತೊರೆಯ ಜಾಡಿಗೆ ರಸ್ತೆ ಬಾಗಲಿಲ್ಲ, ರಸ್ತೆಯ ಕೆಳಗೆ ತೊರೆಯನ್ನೇ ಮುಚ್ಚಿದರು. ಲೈತಾಂವ್ ತೊರೆ ಹೀಗೆ ನೆಲದಡಿ ಸೇರಿದೆ. 2020ರ ಜನವರಿಯ ಭಾರೀ ಮಳೆಯಲ್ಲಿ ಅದರ ಹಾದಿಯ ರಸ್ತೆಗಳು ಉಕ್ಕಿ ಹರಿದವು. ಮುಚ್ಚಿದ ಕಾಲುವೆಯ ಗಾತ್ರ ಬದಲಾಗುವುದಿಲ್ಲ; ಮೇಲೆ ಕಾಂಕ್ರೀಟ್ ಹೆಚ್ಚಿದಂತೆ ಮಳೆನೀರು ಇಂಗದೆ ಒಮ್ಮೆಗೇ ಅದರೊಳಕ್ಕೆ ನುಗ್ಗುತ್ತದೆ.

ಇನ್ನೊಂದು ದೋಷ ವಸತಿಯದು. ಊರು ಕಟ್ಟಿದ ಕಾರ್ಮಿಕರಿಗೆ ಕೊಂತೊರ್ನು ಒಳಗೆ ನೆಲೆ ಗೊತ್ತುಮಾಡಿರಲಿಲ್ಲ. ಉದ್ಘಾಟನೆಗೆ ಮೊದಲೇ ಗುಡಿಸಲುಗಳು ಎದ್ದಿದ್ದವು. ಹಾಗಾಗಿ ಊರು ಕೇಂದ್ರದಿಂದ ಹೊರಕ್ಕಲ್ಲ, ಅಂಚಿನಿಂದ ಒಳಕ್ಕೆ ಬೆಳೆಯಿತು. 2 ಲಕ್ಷ ಜನರಿಗೆಂದು ಯೋಚಿಸಿದ ನಗರದಲ್ಲಿ 2022ರ ಜನಗಣತಿಯಂತೆ ಸುಮಾರು 23 ಲಕ್ಷ ಜನರಿದ್ದಾರೆ.

ಈ ನಕ್ಷೆಯ ಚಿತ್ರ ಬರೆಯುವುದಾದರೆ ಮೊದಲು ಅರುದಾಸ್ ನದಿಯ ಗೆರೆ ಎಳೆಯಿರಿ, ದಕ್ಷಿಣಕ್ಕೆ ಸೆರ್ರಾ ದೊ ಕುರ್ರಾಲ್ ಬೆಟ್ಟಸಾಲು ಗುರುತಿಸಿ. ಆಮೇಲೆ ಚೌಕಗಳು, ಕೊನೆಗೆ ಓರೆ ಅವೆನ್ಯೂಗಳು.