ಎಚ್‌ಐವಿ ಮಾತ್ರೆಗೆ ದುಡ್ಡು ಕೊಡೋರು ಯಾರು?

2003ರಲ್ಲಿ ಬಾಗಲಕೋಟೆ ಜಿಲ್ಲೆಯಲ್ಲಿ ಒಂದು ಸಮೀಕ್ಷೆ ನಡೆಯಿತು. ಆಸ್ಪತ್ರೆಗೆ ಬಂದವರನ್ನಷ್ಟೇ ಅಲ್ಲ, ಊರಿನ ಸಾಮಾನ್ಯ ಜನರನ್ನೇ ಕೇಳಿ, ಒಪ್ಪಿದವರಿಗೆ ಎಚ್‌ಐವಿ ಪರೀಕ್ಷೆ ಮಾಡಿದರು. ವಯಸ್ಕರಲ್ಲಿ ಶೇ. 2.9ರಷ್ಟು ಮಂದಿಗೆ ಸೋಂಕಿತ್ತು. ನೂರಕ್ಕೆ ಹತ್ತಿರ ಹತ್ತಿರ ಮೂವರು! ಇಡೀ ದೇಶದ ಪ್ರಮಾಣ ಆಗ ನೂರಕ್ಕೆ ಒಬ್ಬರಿಗಿಂತ ಕಡಿಮೆ ಇತ್ತು. ಇನ್ನೊಂದು ವಿಷಯವೂ ಗೊತ್ತಾಯಿತು. ಒಂದು ತಾಲ್ಲೂಕಿನಲ್ಲಿ ಸೋಂಕು ಕಡಿಮೆ, ಇನ್ನೊಂದರಲ್ಲಿ ಅದರ ಹಲವು ಪಟ್ಟು. ಮುಂಬೈ, ಚೆನ್ನೈನಂಥ ದೊಡ್ಡ ಊರಿನ ಕಾಯಿಲೆ ಅಂದುಕೊಂಡಿದ್ದದ್ದು ಕಬ್ಬು, ಜೋಳ ಬೆಳೆಯುವ ಹಳ್ಳಿಗಳಲ್ಲಿ ಸದ್ದಿಲ್ಲದೆ ಹಬ್ಬಿತ್ತು.

ಈ ಜಿಲ್ಲೆಯ ಮೇಲೆ ಅಷ್ಟು ಗಮನ ಬಿದ್ದದ್ದು ಕೆನಡಾ ಸರ್ಕಾರದ ದುಡ್ಡಿನಿಂದ. ಭಾರತ-ಕೆನಡಾ ಜಂಟಿ ಎಚ್‌ಐವಿ ಯೋಜನೆ ಬಾಗಲಕೋಟೆಯನ್ನು ಮಾದರಿ ಜಿಲ್ಲೆಯಾಗಿ ಆರಿಸಿಕೊಂಡಿತ್ತು. ಆಮೇಲೆ ರಾಜ್ಯಕ್ಕೆ ಗೇಟ್ಸ್ ಫೌಂಡೇಶನ್ನಿನ ಎಚ್‌ಐವಿ ತಡೆ ಯೋಜನೆ ‘ಆವಾಹನ್’ ಬಂತು. ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್ ಹಣದಲ್ಲಿ ‘ಸಮಸ್ತ’ ಯೋಜನೆ ಬಂತು. ಸೋಂಕಿನ ಅಪಾಯ ತಗ್ಗಲೆಂದು, ಹುಡುಗಿಯರು ಹೈಸ್ಕೂಲು ಬಿಡದಂತೆ ನೋಡಿಕೊಳ್ಳಲು ವಿಜಯಪುರ, ಬಾಗಲಕೋಟೆ ಹಳ್ಳಿಗಳಲ್ಲಿ ನಡೆದ ‘ಸಮತಾ’ ಕೆಲಸದಲ್ಲಿ ಬ್ರಿಟನ್ ಸರ್ಕಾರದ ಹಣವೂ ಇತ್ತು. ಹೊರದೇಶದ ತೆರಿಗೆದಾರರ ಹಣ ನಮ್ಮ ಮುಧೋಳ, ಜಮಖಂಡಿ ಕಡೆಯ ಹಳ್ಳಿಗಳವರೆಗೂ ಬಂದಿದೆ. ಇದನ್ನು ನಾವು ಮರೆಯಬಾರದು ಅಂತ ನನಗೆ ಅನ್ನಿಸುತ್ತದೆ.

ಈಗ ಜಗತ್ತಿನ ಲೆಕ್ಕ ನೋಡೋಣ. 2024ರಲ್ಲಿ 4 ಕೋಟಿ 8 ಲಕ್ಷ ಜನ ಎಚ್‌ಐವಿ ಜೊತೆ ಬದುಕುತ್ತಿದ್ದರು. ಅವರಲ್ಲಿ 3 ಕೋಟಿ 16 ಲಕ್ಷ ಜನರಿಗೆ ಚಿಕಿತ್ಸೆ ಸಿಗುತ್ತಿತ್ತು. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಇದಕ್ಕೆ ಸಿಗುತ್ತಿದ್ದ ಹಣದ ಅರ್ಧದಷ್ಟನ್ನು ಆಯಾ ದೇಶಗಳೇ ಹಾಕುತ್ತಿದ್ದವು. ಉಳಿದದ್ದರಲ್ಲಿ ಬಹುಪಾಲು ಶ್ರೀಮಂತ ದೇಶಗಳ ಸರ್ಕಾರಗಳದ್ದಾಗಿತ್ತು, ವರ್ಷಕ್ಕೆ ಸುಮಾರು 800 ಕೋಟಿ ಡಾಲರ್. ಆ ಮೊತ್ತದಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಪಾಲು ಅಮೆರಿಕ ಒಂದರದ್ದೇ ಆಗಿತ್ತು. ಕೆಲವು ಹಣ ನೇರವಾಗಿ ಹೋಗುತ್ತದೆ. ಜಾರ್ಜ್ ಬುಷ್ 2003ರಲ್ಲಿ ಶುರು ಮಾಡಿದ ಎಚ್‌ಐವಿ ನೆರವು ಯೋಜನೆ ‘ಪೆಪ್‌ಫಾರ್’ ಅಂಥದ್ದು. ಇನ್ನು ಕೆಲವು ಏಡ್ಸ್, ಕ್ಷಯ, ಮಲೇರಿಯಾಗೆಂದು ಹಲವು ದೇಶಗಳ ಹಣ ಕೂಡಿಸುವ ಜಿನೀವಾದ ಗ್ಲೋಬಲ್ ಫಂಡ್ ಮೂಲಕ ಹಂಚಿಕೆಯಾಗುತ್ತದೆ.

ಒಂದೇ ದೇಶದ ಮೇಲೆ ಇಷ್ಟೊಂದು ಭಾರ ಹಾಕಿದರೆ ಏನಾಗುತ್ತದೆ ಅನ್ನೋದು 2025ರ ಜನವರಿ 20ರಂದು ಗೊತ್ತಾಯಿತು. ಅಮೆರಿಕ ವಿದೇಶಿ ನೆರವನ್ನು 90 ದಿನಗಳ ಮಟ್ಟಿಗೆ ತಡೆಹಿಡಿಯಿತು. ಜೀವ ಉಳಿಸುವ ಚಿಕಿತ್ಸೆಗೆ ಆಮೇಲೆ ವಿನಾಯಿತಿ ಕೊಟ್ಟರು, ನಿಜ. ಆದರೆ ಅಷ್ಟರಲ್ಲಿ ಎಷ್ಟೋ ಕಡೆ ಕ್ಲಿನಿಕ್ಕುಗಳು ಮುಚ್ಚಿದ್ದವು. ಹೈದರಾಬಾದಿನಲ್ಲಿ ಟ್ರಾನ್ಸ್‌ಜೆಂಡರ್ ಸಮುದಾಯಕ್ಕಾಗಿ ನಡೆಯುತ್ತಿದ್ದ ‘ಮಿತ್ರ್’ ಕ್ಲಿನಿಕ್ಕಿಗೂ ಬೀಗ ಬಿತ್ತು. ಅದೇ ವರ್ಷ ಗ್ಲೋಬಲ್ ಫಂಡ್ 1,800 ಕೋಟಿ ಡಾಲರ್ ಕೇಳಿತ್ತು. ನವೆಂಬರ್‌ನಲ್ಲಿ ಸಿಕ್ಕ ಭರವಸೆ 1,134 ಕೋಟಿ.

ತೊಂಬತ್ತು ದಿನ ತಾನೇ, ಆಮೇಲೆ ಸರಿಹೋಗುತ್ತೆ ಅನ್ನಬಹುದು. ರಸ್ತೆ ಕೆಲಸವಾಗಿದ್ದರೆ ಸರಿ, ನಿಂತಲ್ಲಿಂದ ಮತ್ತೆ ಶುರು ಮಾಡಬಹುದು. ಎಚ್‌ಐವಿ ವಿಷಯದಲ್ಲಿ ಹಾಗಲ್ಲ.

ಈ ವೈರಸ್ಸು ನಮ್ಮ ರಕ್ಷಣಾ ಪಡೆಯಾದ ಸಿಡಿ4 ಕೋಶಗಳ ಒಳಗೆ ಹೊಕ್ಕು, ತನ್ನ ವಂಶವಾಹಿಯನ್ನು ನಮ್ಮ ಡಿಎನ್‌ಎಯಲ್ಲೇ ಸೇರಿಸಿಬಿಡುತ್ತದೆ. ಮಾತ್ರೆ ಅದನ್ನು ಕೊಲ್ಲುವುದಿಲ್ಲ, ಹೆಚ್ಚದಂತೆ ತಡೆಯುತ್ತದೆ ಅಷ್ಟೇ. ಕೆಲವು ಕೋಶಗಳಲ್ಲಿ ವೈರಸ್ಸು ವರ್ಷಗಟ್ಟಲೆ ಸುಮ್ನೆ ಅಡಗಿ ಕೂತಿರುತ್ತದೆ. ಮಾತ್ರೆ ನಿಲ್ಲಿಸಿದರೆ ಬಹುತೇಕರಲ್ಲಿ ಕೆಲವೇ ವಾರಗಳಲ್ಲಿ ರಕ್ತದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಇನ್ನೂ ಒಂದು ತೊಂದರೆ ಇದೆ. ಒಂದೇ ಗುಳಿಗೆಯಲ್ಲಿ ಮೂರು ಔಷಧಿ ಇರುತ್ತವೆ. ನಿಲ್ಲಿಸಿದಾಗ ಮೂರೂ ಒಟ್ಟಿಗೆ ದೇಹದಿಂದ ಹೊರಹೋಗುವುದಿಲ್ಲ. ಒಂದೇ ಔಷಧಿ ಅಲ್ಪಸ್ವಲ್ಪ ಉಳಿದಾಗ ವೈರಸ್ಸಿಗೆ ಅದನ್ನು ಎದುರಿಸಲು ಕಲಿಯುವ ಅವಕಾಶ ಸಿಗುತ್ತದೆ. ಅಲ್ಲಿಂದ ಮುಂದೆ ಅಗ್ಗದ ಮಾತ್ರೆ ನಾಟದೆ, ದುಬಾರಿ ಔಷಧಿ ಬೇಕಾಗಬಹುದು.

ಮಾತ್ರೆ ತಪ್ಪದೆ ನುಂಗಿ, ರಕ್ತದಲ್ಲಿ ವೈರಸ್ಸು ಪತ್ತೆಯಾಗದ ಮಟ್ಟಕ್ಕೆ ಇಳಿದವರಿಂದ ಸಂಗಾತಿಗೆ ಲೈಂಗಿಕ ಸಂಪರ್ಕದಿಂದ ಸೋಂಕು ಹರಡುವುದಿಲ್ಲ. ಇದು ದೊಡ್ಡ ದೊಡ್ಡ ಅಧ್ಯಯನಗಳಲ್ಲಿ ಖಚಿತವಾಗಿದೆ. ಗರ್ಭಿಣಿಗೆ ಚಿಕಿತ್ಸೆ ಇಲ್ಲದಿದ್ದರೆ ಮಗುವಿಗೆ ಸೋಂಕು ತಗಲುವ ಸಾಧ್ಯತೆ ಶೇ. 15ರಿಂದ 45. ಚಿಕಿತ್ಸೆ ಇದ್ದರೆ ಶೇ. 5ಕ್ಕಿಂತ ಕಡಿಮೆ. ಹಾಗಾಗಿ ಒಬ್ಬರ ಮಾತ್ರೆ ನಿಂತರೆ ತೊಂದರೆ ಅವರೊಬ್ಬರಿಗೇ ಅಲ್ಲ. ಅಮೆರಿಕದ ನೆರವಿನ ಸೇವೆಗಳು ಪೂರ್ತಿ ನಿಂತು, ಬೇರೆ ಯಾರೂ ಆ ಜಾಗ ತುಂಬದಿದ್ದರೆ 2029ರೊಳಗೆ ಹೆಚ್ಚುವರಿಯಾಗಿ 60 ಲಕ್ಷ ಹೊಸ ಸೋಂಕು, 40 ಲಕ್ಷ ಸಾವು ಆಗಬಹುದು ಅಂತ ವಿಶ್ವಸಂಸ್ಥೆಯ ಯುಎನ್‌ಏಡ್ಸ್ ಅಂದಾಜು ಮಾಡಿದೆ.

ನಮ್ಮಲ್ಲಿ ಈ ಭಯ ಅಷ್ಟಾಗಿ ಇಲ್ಲ. ಭಾರತದಲ್ಲಿ ಉಚಿತ ಎಆರ್‌ಟಿ (ಈ ವೈರಸ್ಸನ್ನು ತಡೆಯುವ ಮಾತ್ರೆಗಳ) ಚಿಕಿತ್ಸೆ ಶುರುವಾದದ್ದು 2004ರ ಏಪ್ರಿಲ್‌ನಲ್ಲಿ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಮೊದಮೊದಲ ಹಂತಗಳು ವಿಶ್ವಬ್ಯಾಂಕ್ ಸಾಲ, ವಿದೇಶಿ ನೆರವಿನ ಮೇಲೆ ನಿಂತಿದ್ದವು. 2021ರಿಂದ 2026ರವರೆಗಿನ ಐದನೇ ಹಂತಕ್ಕೆ ಗೊತ್ತು ಮಾಡಿದ 15,471.94 ಕೋಟಿ ರೂಪಾಯಿ ಕೇಂದ್ರ ಸರ್ಕಾರದ್ದೇ. ಆವಾಹನ್ ಯೋಜನೆಯ ಕೆಲಸವನ್ನು ಸರ್ಕಾರ ವಹಿಸಿಕೊಂಡ ರೀತಿ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. 2009ರಲ್ಲಿ ಸ್ವಲ್ಪ, 2011ರಲ್ಲಿ ಇನ್ನಷ್ಟು, 2012ರಲ್ಲಿ ಉಳಿದದ್ದು. ಜನ, ಲೆಕ್ಕಪತ್ರ, ಔಷಧಿ ಪೂರೈಕೆ ಎಲ್ಲವೂ ಹೊಸ ಕೈಗೆ ಹೊಂದಿಕೊಳ್ಳಲು ವರ್ಷಗಳು ಸಿಕ್ಕವು. ಆಫ್ರಿಕಾದ ದೇಶಗಳಿಗೆ ವಾರಗಳೂ ಸಿಗಲಿಲ್ಲ.

ಇಲ್ಲಿನ ಎಆರ್‌ಟಿ ಕೇಂದ್ರದಲ್ಲಿ ಸ್ವಲ್ಪ ಹೊತ್ತು ಕೂತು ನೋಡಿದರೆ ಈ ದುಡ್ಡು ಏನು ಮಾಡುತ್ತದೆ ಅಂತ ತಿಳಿಯುತ್ತದೆ. ಆಪ್ತಸಮಾಲೋಚಕರು ಡಬ್ಬಿಯಲ್ಲಿ ಉಳಿದ ಮಾತ್ರೆ ಎಣಿಸುತ್ತಾರೆ. ಹೆಚ್ಚು ಉಳಿದಿದ್ದರೆ ಬೈಯುವುದಿಲ್ಲ, ಯಾಕೆ ಅಂತ ವಿಚಾರಿಸುತ್ತಾರೆ. ಕಬ್ಬು ಕಡಿಯಲು ಗಡಿ ದಾಟಿ ಹೋಗಿದ್ದರೋ, ಅತ್ತೆಗೆ ಗೊತ್ತಾಗುತ್ತದೆ ಅಂತ ಹೆದರಿದ್ದರೋ? ಡಬ್ಬಿಯ ಮೇಲಿನ ಚೀಟಿ ಕಿತ್ತು ಹಾಕಿ ಮನೆಗೆ ಒಯ್ಯುವವರು ಇವತ್ತಿಗೂ ಇದ್ದಾರೆ. ಬರದೇ ಇದ್ದವರ ಮನೆಗೆ, ಯಾರಿಗೂ ಅನುಮಾನ ಬಾರದ ಹಾಗೆ ಹೋಗಿ ಮಾತಾಡಿಸಿ ಬರುವ ಕಾರ್ಯಕರ್ತೆಯರೂ ಇದ್ದಾರೆ. ದುಡ್ಡು ಕಡಿಮೆಯಾದಾಗ ಮೊದಲು ಕತ್ತರಿ ಬೀಳುವುದು ಇವರ ಸಂಬಳಕ್ಕೇ. ಮಾತ್ರೆ ಕೊಂಡರೆ ರಸೀದಿ ಸಿಗುತ್ತದೆ, ಲೆಕ್ಕ ತೋರಿಸಬಹುದು. ಮಾತಾಡಿಸಿ ಬಂದದ್ದಕ್ಕೆ ರಸೀದಿ ಎಲ್ಲಿಂದ ತರುವುದು?

ನಮಗೂ ಜಗತ್ತಿನ ಈ ಲೆಕ್ಕಕ್ಕೂ ಇನ್ನೊಂದು ನಂಟಿದೆ. 2001ರಲ್ಲಿ ಮುಂಬೈನ ಔಷಧಿ ಕಂಪನಿ ಸಿಪ್ಲಾದ ಯೂಸುಫ್ ಹಮೀದ್ ಮೂರು ಔಷಧಿಗಳ ಚಿಕಿತ್ಸೆಯನ್ನು ವರ್ಷಕ್ಕೆ 350 ಡಾಲರಿಗೆ ಕೊಡುತ್ತೇವೆ ಅಂದರು. ಆಗ ಅದರ ಬೆಲೆ 10,000 ಡಾಲರಿಗಿಂತ ಜಾಸ್ತಿ ಇತ್ತು. ಇವತ್ತು ಅದು 45 ಡಾಲರಿಗಿಂತ ಕೆಳಗಿದೆ. ಈಗ ವರ್ಷಕ್ಕೆ ಎರಡೇ ಸಲ ಹಾಕಿಸಿಕೊಂಡರೆ ಸೋಂಕನ್ನು ತಡೆಯುವ ಲೆನಕಪವಿರ್ ಚುಚ್ಚುಮದ್ದು ಬಂದಿದೆ. ದಕ್ಷಿಣ ಆಫ್ರಿಕಾ, ಉಗಾಂಡಾದಲ್ಲಿ ನಡೆದ ಪ್ರಯೋಗದಲ್ಲಿ ಅದನ್ನು ಪಡೆದ ಯುವತಿಯರಲ್ಲಿ ಒಬ್ಬರಿಗೂ ಸೋಂಕು ತಗಲಲಿಲ್ಲ. ಹೈದರಾಬಾದಿನ ಡಾ. ರೆಡ್ಡೀಸ್ ಮತ್ತು ಹೆಟೆರೊ ಕಂಪನಿಗಳು 2027ರಿಂದ ಅದನ್ನು ವರ್ಷಕ್ಕೆ ಸುಮಾರು 40 ಡಾಲರಿಗೆ ಕೊಡಲು ಒಪ್ಪಿವೆ. ಆ 40 ಡಾಲರನ್ನು ಯಾರು ಕೊಡುತ್ತಾರೆ ಅನ್ನೋದು ಇನ್ನೂ ತೀರ್ಮಾನವಾಗಬೇಕು. ಆ ಮಾತುಕತೆಯಲ್ಲಿ ಭಾರತವೂ ಕೊಡುವವರ ಸಾಲಿನಲ್ಲಿ ಕೂರಬೇಕು ಅಂತ ಬಾಗಲಕೋಟೆಯ ಕಥೆ ಗೊತ್ತಿರುವ ನಾವು ಕೇಳಬಹುದು.