ಪದ ಪರಿಚಯ: ವಿಲ್ಲೈ

ಸಣ್ಣ ಕರುಳಿನ ಒಳಗೋಡೆಯಲ್ಲಿ ಒಂದು ಮಿಲಿಮೀಟರ್‌ ಎತ್ತರವೂ ಇಲ್ಲದ ಲಕ್ಷಾಂತರ ಎಳೆಗಳು ಮಖಮಲ್ಲಿನ ನವಿರಿನಂತೆ ಎದ್ದು ನಿಂತಿರುತ್ತವೆ. ಅವೇ ವಿಲ್ಲೈ. ಉಂಡ ಅನ್ನದ ಸಾರ ರಕ್ತಕ್ಕೆ ಸೇರುವುದು ಇವುಗಳಿಂದಲೇ. ಇವುಗಳ ಬುಡದ ಕುಳಿಗಳಲ್ಲಿ ಹುಟ್ಟುವ ಹೊಸ ಜೀವಕೋಶಗಳು ತುದಿಯವರೆಗೆ ಏರಿ, 3ರಿಂದ 5 ದಿನಗಳಲ್ಲಿ ಉದುರಿಹೋಗುತ್ತವೆ.

ಮಕ್ಕಳಿಗೆ ಭೇದಿ ತರುವ ರೋಟಾವೈರಸ್‌ನಂಥ ಸೋಂಕು ಮೊದಲು ಹಾಳುಮಾಡುವುದು ಈ ತುದಿಗಳನ್ನೇ. ಉಂಡು ತಿಂದು ಚೆನ್ನಾಗಿರುವ ಮಗುವಿನ ಕರುಳು ಬೇಗ ಚೇತರಿಸಿಕೊಳ್ಳುತ್ತದೆ. ಸೊರಗಿದ ಮಗುವಿನದು ಹಾಗಲ್ಲ. ಕೋಶ ಎರಡಾಗಲು ಪ್ರೋಟೀನ್, ಸತು (ಜಿಂಕ್), ಫೋಲೇಟ್ ಎಂಬ ಬಿ ಜೀವಸತ್ವ ಬೇಕು. ಅವೇ ಇಲ್ಲದಿದ್ದಾಗ ವಿಲ್ಲೈ ಮೊಂಡಾಗಿಯೇ ಉಳಿಯುತ್ತವೆ. ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಬಲಿತ ಕೋಶಗಳಲ್ಲಿ ಮಾತ್ರ ಇರುವುದರಿಂದ ಹಾಲೂ ಅರಗದೆ ಭೇದಿ ಮರುಕಳಿಸಬಹುದು. ತಿಂದದ್ದು ಮೈಗೆ ಹತ್ತದೆ ಮಗು ಇನ್ನಷ್ಟು ಸೊರಗುತ್ತದೆ.

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಭೇದಿ ಹತ್ತಿದ ಮಗುವಿಗೆ ‘ಹೊಟ್ಟೆಗೆ ವಿಶ್ರಾಂತಿ ಸಿಗಲಿ’ ಎಂದು ಊಟ ಬಿಡಿಸುವ ಮನೆಗಳು ಈಗಲೂ ಇವೆ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ದಯವಿಟ್ಟು ಬೇಡ. ಕರುಳಿನ ಕೋಶಗಳು ತಮ್ಮ ಆಹಾರದ ದೊಡ್ಡ ಪಾಲನ್ನು ರಕ್ತದಿಂದಲ್ಲ, ಕರುಳೊಳಗೆ ಹಾದುಹೋಗುವ ಊಟದಿಂದಲೇ ಹೀರಿಕೊಳ್ಳುತ್ತವೆ. ಕರುಳು ಖಾಲಿ ಇದ್ದಷ್ಟೂ ವಿಲ್ಲೈ ಕುಗ್ಗುತ್ತವೆ. ಓಆರ್‌ಎಸ್ (ಉಪ್ಪು-ಸಕ್ಕರೆಯ ಪುಡಿ ಬೆರೆಸಿದ ನೀರು) ಕುಡಿಸುತ್ತಲೇ ಎದೆಹಾಲನ್ನೂ ಮುಂದುವರಿಸಬೇಕು. ಊಟ ಶುರುವಾದ ಮಕ್ಕಳಿಗೆ ಅನ್ನದ ಗಂಜಿ, ತೊವ್ವೆ, ರಾಗಿ ಸರಿ ಸ್ವಲ್ಪಸ್ವಲ್ಪವೇ ಕೊಡುತ್ತಿರಬೇಕು. ರಾಗಿಯನ್ನು ಮೊಳಕೆ ಕಟ್ಟಿ ಹುರಿದು ಬೀಸಿದರೆ ಇನ್ನೂ ಒಳ್ಳೆಯದು: ಸತುವನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಮೊಳಕೆಯಲ್ಲಿ ಕಡಿಮೆಯಾಗುತ್ತದೆ. ನಮ್ಮ ಅಜ್ಜಿಯರ ಹುರಿಹಿಟ್ಟಿನಲ್ಲಿ ಈ ಜಾಣತನ ಇತ್ತು.

ಆಶಾ ಕಾರ್ಯಕರ್ತೆ ಕೊಡುವ ಸತುವಿನ ಮಾತ್ರೆ ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂನಂತೆ 14 ದಿನ. ಭೇದಿ ನಿಂತ ಕೂಡಲೇ ಮಾತ್ರೆಯನ್ನೂ ನಿಲ್ಲಿಸುವವರೇ ಹೆಚ್ಚು. ಒಳಗಿನ ರಿಪೇರಿ ಆಗಿನ್ನೂ ನಡೆಯುತ್ತಿರುತ್ತದೆ.

ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಅದು ತೀವ್ರ ಅಪೌಷ್ಟಿಕತೆ. ಅಂಗನವಾಡಿಯ ಟೇಪಿನಲ್ಲಿ ಕೆಂಪು ಬಣ್ಣ ಕಂಡರೆ, ಅದರಲ್ಲೂ ಭೇದಿಯೂ ಇದ್ದರೆ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಅಲ್ಲಿನ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಅಂಥ ಮಗುವಿಗೆ ಮೊದಲ ದಿನವೇ ಹೊಟ್ಟೆ ತುಂಬ ಬಡಿಸುವುದಿಲ್ಲ. 100 ಮಿಲಿಲೀಟರ್‌ಗೆ 75 ಕಿಲೊಕ್ಯಾಲರಿ ಇರುವ ತೆಳು ಹಾಲಿನ ಆಹಾರವನ್ನು ಎರಡು ಗಂಟೆಗೊಮ್ಮೆ ಸ್ವಲ್ಪಸ್ವಲ್ಪವೇ ಕುಡಿಸುತ್ತಾರೆ. ಮನೆಯಲ್ಲೇ ಗುಣವಾಗುವ ಮಕ್ಕಳಿಗೆ ಭೇದಿ ನಿಂತ ಮೇಲೂ ಕನಿಷ್ಠ ಎರಡು ವಾರ ದಿನಕ್ಕೊಂದು ಹೊತ್ತಿನ ಊಟ ಹೆಚ್ಚಿಗೆ ಕೊಡಿ.