ಚೌಕದೊಳಗೊಂದು ದುಂಡು ಯಂತ್ರ

ತುಮಕೂರಿನಲ್ಲಿ ವಾಚ್ ರಿಪೇರಿ ಮಾಡುವವರ ಬಳಿ ಈಗ ಒಂದೇ ಬಗೆಯ ಗಿರಾಕಿಗಳು ಹೆಚ್ಚಾಗಿದ್ದಾರೆ. ಅಜ್ಜನ ಕಾಲದ ಎಚ್‌ಎಂಟಿ ಬೇಕು, ಆದರೆ ದುಂಡಗಿರಬಾರದು. ಚೌಕ, ಪೀಪಾಯಿ, ಹಳೆಯ ಟಿವಿ ಪರದೆಯಂಥದ್ದು, ಮೂಲೆ ಕತ್ತರಿಸಿದ್ದು, ಯಾವುದಾದರೂ ಸರಿ. ಬೆನ್ನಿಗೇ ತಕರಾರು ಬರುತ್ತದೆ: ಇದು ಕಾರ್ಖಾನೆಯಿಂದಲೇ ಹೀಗೆ ಬಂದದ್ದೋ, ಆಮೇಲೆ ಯಾರೋ ಕೂರಿಸಿದ್ದೋ?

ಈ ಮೋಹ ಹೊಸದೇನಲ್ಲ. 1904ರಲ್ಲಿ ಬ್ರೆಜಿಲ್‌ನ ವೈಮಾನಿಕ ಸಾಂಟೊಸ್ ಡುಮಾಂಟ್‌ಗಾಗಿ ಪ್ಯಾರಿಸ್ಸಿನ ಒಡವೆ ಕಂಪನಿ ಕಾರ್ಟಿಯೆ ಮಾಡಿಕೊಟ್ಟ ವಾಚೇ ಚೌಕ. 1931ರ ರಿವರ್ಸೊ ಎಂಬ ವಾಚು ಆಯತಾಕಾರದ್ದು. ಭಾರತದಲ್ಲಿ ಪೋಲೊ ಆಡುತ್ತಿದ್ದ ಬ್ರಿಟಿಷ್ ಅಧಿಕಾರಿಗಳ ವಾಚಿನ ಗಾಜು ಒಡೆಯುತ್ತಿತ್ತೆಂದು ಮುಖವನ್ನೇ ಹಿಂದೆ ತಿರುಗಿಸುವಂತೆ ಮಾಡಿದ್ದು. 1957ರಲ್ಲಿ ಹ್ಯಾಮಿಲ್ಟನ್ ಕಂಪನಿಯ ವೆಂಚುರಾ ವಾಚು ತ್ರಿಕೋನದಲ್ಲೇ ಬಂತು. ಆದರೂ ಗೆದ್ದದ್ದು ದುಂಡನೆಯದೇ. ಮುಳ್ಳು ಸುತ್ತುವುದು ದುಂಡಗೆ, ಗಾಲಿಗಳೂ ದುಂಡಗೆ, ನೀರು ನುಗ್ಗದಂತೆ ತಿರುಗಿಸಿ ಬಿಗಿಯುವ ಮುಚ್ಚಳವೂ ದುಂಡಗೇ ಇರಬೇಕು.

ನಮ್ಮ ಕಡೆ ಕತೆ ಬೇರೆ. 1961ರಲ್ಲಿ ಜಪಾನಿನ ಸಿಟಿಜನ್ ನೆರವಿನಿಂದ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚು ಶುರುವಾಯಿತು. 1978ರಲ್ಲಿ ತುಮಕೂರಿಗೂ ಕಾರ್ಖಾನೆ ಬಂತು. ಜನತಾ, ಪೈಲಟ್, ಸೋನಾ ಎಲ್ಲವೂ ದುಂಡನೆಯವೇ. ಆಗ ವಾಚು ಸಿಕ್ಕಿದರೆ ಸಾಕಾಗಿತ್ತು, ಆಕಾರ ಕೇಳುವವರು ಯಾರು? ವರೋಪಚಾರದಲ್ಲಿ ಉಂಗುರದ ಪಕ್ಕದಲ್ಲಿ ವಾಚೂ ಇರಬೇಕಿತ್ತು, ಅದರಲ್ಲೂ ‘ಕಾಂಚನ್’ ಕೇಳಿದ ಅಳಿಯನಿಗಾಗಿ ಮಾವಂದಿರು ಹೆಚ್ಚು ಹಣ ಕೊಟ್ಟು ಅಲೆದದ್ದುಂಟು. ಕೀ ಕೊಡುವುದು ಮನೆಯ ಹಿರಿಯರ ಬೆಳಗಿನ ಕೆಲಸ, ಮಕ್ಕಳು ಮುಟ್ಟುವಂತಿರಲಿಲ್ಲ.

ಆಮೇಲೆ ಬ್ಯಾಟರಿಯಲ್ಲಿ ನಡೆಯುವ ಕ್ವಾರ್ಟ್ಜ್ ಬಂತು, ಟೈಟನ್ ಬಂತು, ಮೊಬೈಲ್ ಬಂತು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ತುಮಕೂರಿನ ಕಾರ್ಖಾನೆಯ ಜಮೀನು ಇಸ್ರೋ ಪಾಲಾಯಿತು. ಮುಚ್ಚುವ ಸುದ್ದಿ ಹಬ್ಬಿದ ಮೇಲೆಯೇ ವಾಚಿಗೆ ಮತ್ತೆ ಬೇಡಿಕೆ ಬಂದದ್ದು. ಕೊನೆಕೊನೆಗೆ ಯಾರಿಗೂ ಬೇಕಾಗಿರಲಿಲ್ಲ ಎಂದರೆ ಸಿಟ್ಟು ಬರಬಹುದು, ಹೇಳದೆ ವಿಧಿಯಿಲ್ಲ.

ಗೋಜಲು ಶುರುವಾದದ್ದು ಆಗಲೇ. ಹಳೆಯ ಯಂತ್ರವನ್ನು ಬೇರೆ ಕೇಸಿಗೆ, ಅಂದರೆ ಹೊರಕವಚಕ್ಕೆ ಕೂರಿಸಿ, ಡಯಲ್‌ಗೆ ಹೊಸ ಬಣ್ಣ ಬಳಿದು, ‘ಅಪರೂಪದ್ದು’ ಎಂದು ಮಾರುವುದು ಈಗ ಒಂದು ಕಸುಬು. ಚೌಕ ವಾಚೊಂದನ್ನು ಎದುರಿಗೇ ಬಿಚ್ಚಿಸಿ ನೋಡಿದೆ. ಒಳಗಿದ್ದದ್ದು ದುಂಡನೆಯ ಯಂತ್ರ. ಸುತ್ತಲೂ ನಾಲ್ಕು ಮೂಲೆ ತುಂಬಲು ಒಂದು ಬಿಳಿ ಪ್ಲಾಸ್ಟಿಕ್ ಚೌಕಟ್ಟು. ಇಷ್ಟಕ್ಕೇ ಅದು ನಕಲಿ ಎನ್ನುವಂತಿಲ್ಲ. ದೊಡ್ಡ ಕಂಪನಿಗಳ ಚೌಕ ವಾಚುಗಳಲ್ಲೂ ಎಷ್ಟೋ ಬಾರಿ ಇರುವುದು ದುಂಡು ಯಂತ್ರವೇ. ಹಾಗಾಗಿ ಅಕ್ಷರ ದಪ್ಪಗಿದೆಯೇ, ಮುಳ್ಳು ಡಯಲ್‌ನ ಗೆರೆಗೆ ಮುಟ್ಟುತ್ತದೆಯೇ, ಕೇಸಿನ ಹಿಂಬದಿಯ ಬರಹ ಸವೆದ ರೀತಿ ಏನು ಎಂದೆಲ್ಲ ನೋಡಬೇಕು.

ಹಾಗಾದರೆ ಯಾಕೆ ಬೇಕು? ಸಮಯ ಜೇಬಿನಲ್ಲೇ ಇರುವಾಗ ಕೈಯಲ್ಲಿರುವುದು ಒಡವೆ ತಾನೆ. ಒಡವೆಯೆಂದ ಮೇಲೆ ಎದುರಿನವರು ‘ಇದೇನು, ತೋರಿಸಿ’ ಎನ್ನಬೇಕು. ದುಂಡನೆಯದನ್ನು ಯಾರೂ ಕೇಳುವುದಿಲ್ಲ. ಎಷ್ಟೋ ಸ್ಮಾರ್ಟ್‌ವಾಚುಗಳೂ ಚೌಕವೇ ಆಗಿರುವುದರಿಂದ ಆ ಸೊಗಸಿಗೂ ಈಗ ಸ್ವಲ್ಪ ಕುತ್ತು ಬಂದಿದೆ, ಅದು ಬೇರೆ ಮಾತು.

ತೊಂದರೆ ಮುಖ್ಯವಾಗಿ ಗಾಜಿನದು. ದುಂಡನೆಯದಾದರೆ ಅಳತೆ ಹೇಳಿದರೆ ಸಾಕು, ಡಬ್ಬಿಯಿಂದ ಒಂದು ತೆಗೆದು ಒತ್ತಿಬಿಡುತ್ತಾರೆ. ಮೂಲೆಗಳಿರುವುದಕ್ಕೆ ಅಕ್ರಿಲಿಕ್ ತುಂಡು ಕತ್ತರಿಸಿ, ಅರದಲ್ಲಿ ಉಜ್ಜಿ, ಕೂರಿಸಿ ನೋಡಿ, ಮತ್ತೆ ಉಜ್ಜಬೇಕು. ಆ ಕೆಲಸ ಕೊಟ್ಟವರಿಗೆ ಸಿಗುವ ಉತ್ತರ ಒಂದೇ: ನಾಳಿದ್ದು ಬನ್ನಿ.